ದಾದಿಯರು ತಡೆದುಕೊಳ್ಳುವ ವೇಗಗಳು

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಾಚಾರ್ಯರು ಹೇಳಿದ್ದಾರೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಿಗೆ ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ ಹಾಗೂ ಶುಚಿತ್ವ ಇರಬೇಕು. ವಿದ್ಯಾರ್ಥಿದೆಸೆಯಲ್ಲಿ ನಾವಿದನ್ನು ಕಂಠಪಾಠ ಮಾಡಿದ್ದೆವು. ಆ ಮೂರನೆಯ ಪಾದವೇ ಕುಸಿದರೆ ಅದಕ್ಕೆ ಚಿಕಿತ್ಸೆ ಯಾರದೆಂದು ಮಾತ್ರ ಬಹುಕಾಲ ಯೋಚಿಸಲಿಲ್ಲ.

ಅದನ್ನು ನಮಗೆ ಕಲಿಸಿದವರು ಮಕ್ಕಳ ವಾರ್ಡಿನ ಒಬ್ಬ ದಾದಿ. ಉರಿಮೂತ್ರವೆಂದು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಔಷಧ ಕೊಟ್ಟೆವು, ಗುಣವಾಯಿತು. ಎರಡು ತಿಂಗಳಿಗೆ ಮರುಕಳಿಸಿತು. ಮತ್ತೆ ಔಷಧ ಕೊಟ್ಟೆವು. ಮೂರನೆಯ ಸಲ ಬಂದಾಗ, ‘ಕೆಲಸದ ವೇಳೆ ನೀರು ಕುಡಿಯುತ್ತೀರೇನು ತಾಯಿ?’ ಎಂದು ಕೇಳಿದೆವು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯದು.

‘ನೀರು ಕುಡದ್ರ ಎದ್ದು ಹೋಗಬೇಕಾಗತೈತ್ರಿ ಸರ. ಮೂವತ್ತು ಕೂಸು, ನಾನೊಬ್ಬಾಕಿ. ಬಿಟ್ಟು ಎಲ್ಲಿ ಹೋಗಲ್ರಿ?’

ನಗುತ್ತ ಆರಂಭಿಸಿದ ಮಾತು ಅಳುವಿನಲ್ಲಿ ಮುಗಿಯಿತು. ಹಿಂದಿನ ವಾರ ಅವರ ಕಣ್ಣೆದುರೇ ಒಂದು ಕೂಸು ತೀರಿಕೊಂಡಿತ್ತು. ಹತ್ತು ನಿಮಿಷವೂ ಆಗಿರಲಿಲ್ಲ, ಪಕ್ಕದ ಹಾಸಿಗೆಯವರು ಸಲೈನ್ ಮುಗಿದಿದೆಯೆಂದು ಗದರಿದರು. ಅಳಲು ಪುರಸೊತ್ತು ಸಿಕ್ಕಿದ್ದು ನಮ್ಮ ಮುಂದೆ.

ತಡೆಯಬಾರದ ಹದಿಮೂರು ವೇಗಗಳನ್ನು ಚರಕಸಂಹಿತೆ ಎಣಿಸುತ್ತದೆ. ಮಲಮೂತ್ರ, ಹಸಿವು, ನೀರಡಿಕೆ, ನಿದ್ರೆಗಳ ಸಾಲಿನಲ್ಲಿಯೇ ಕಣ್ಣೀರೂ ಇದೆ. ಅದನ್ನು ತಡೆದರೆ ನೆಗಡಿ, ನೇತ್ರರೋಗ, ಅರುಚಿ, ತಲೆಸುತ್ತು, ಹೃದ್ರೋಗಗಳು ಬರುತ್ತವೆಂದು ಅಲ್ಲಿ ಹೇಳಿದೆ. ದಾದಿಯೊಬ್ಬರ ಒಂದು ಪಾಳಿಯನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಇದರ ಮೇಲೆ ರಾತ್ರಿ ಜಾಗರಣೆ ದೇಹದಲ್ಲಿ ರೂಕ್ಷತೆಯನ್ನು, ವಾತವನ್ನು ಹೆಚ್ಚಿಸುತ್ತದೆ. ಸಿಡುಕು, ಮರೆವು, ಎದೆಬಡಿತ, ಯಾರೊಡನೆಯೂ ಮಾತು ಬೇಡವೆನಿಸುವುದು ಆಮೇಲೆ ತಾವಾಗಿ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ವೃತ್ತಿಯ ಇಂತಹ ಬಳಲಿಕೆಯನ್ನು ರೋಗವೆನ್ನಲಿಲ್ಲ. ಕೆಲಸದ ಸ್ಥಳದಲ್ಲಿ ನಿಭಾಯಿಸದೆ ಉಳಿದ ಒತ್ತಡದ ಫಲವೆಂದು ವಿವರಿಸಿತು. ‘ಅಶ್ವಗಂಧ ಕೊಡಿ, ಸಾಕು’ ಎಂದು ಬರುವವರಿಗೆ ನಾವು ಇದನ್ನೇ ಹೇಳುತ್ತೇವೆ. ಒಬ್ಬರಿಗೆ ಮೂವತ್ತು ಮಕ್ಕಳನ್ನು ಒಪ್ಪಿಸಿದ ತಪ್ಪನ್ನು ಚೂರ್ಣ ತಿದ್ದಲಾರದು. ಆಸ್ಪತ್ರೆ ನಡೆಸುವವರೇ ತಿದ್ದಬೇಕು.

ಅಲ್ಲಿಯವರೆಗೆ ಮಾಡಬಹುದಾದದ್ದೂ ಉಂಟು. ಆ ತಾಯಿ ಪಕ್ಕದ ವಾರ್ಡಿನ ಗೆಳತಿಯೊಡನೆ ಮಾತು ಮಾಡಿಕೊಂಡರು: ಪಾಳಿಗೆ ಎರಡು ಸಲ, ಹತ್ತು ನಿಮಿಷ, ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಲ್ಲುವುದು. ನೀರು, ಶೌಚ, ಒಂದು ತುತ್ತು ಅನ್ನ ಅಷ್ಟರಲ್ಲಿ ಆಗುತ್ತವೆ. ಸಾವು ಕಂಡ ದಿನ ಮನೆಗೆ ಹೋಗುವ ಮೊದಲು ಇಬ್ಬರೂ ಕುಳಿತು ಮಾತಾಡಿಯೇ ಹೊರಡುತ್ತಾರೆ. ನಿದ್ರೆಯ ವಿಷಯದಲ್ಲಿ ಅಷ್ಟಾಂಗಹೃದಯದ ಸೂಚನೆ ಬಹು ಉಪಯುಕ್ತ: ರಾತ್ರಿ ಕಳೆದುಕೊಂಡ ನಿದ್ರೆಯ ಅರ್ಧದಷ್ಟನ್ನು ಬೆಳಿಗ್ಗೆ, ಉಣ್ಣುವ ಮುನ್ನ ಮಾಡಬೇಕು. ಎಂಟು ತಾಸು ಎಚ್ಚರವಿದ್ದವರಿಗೆ ನಾಲ್ಕು ತಾಸು. ಮಧುಮೇಹದ ಔಷಧ ಸೇವಿಸುವವರು ಮಾತ್ರ ಬರಿಹೊಟ್ಟೆಯಲ್ಲಿ ಮಲಗುವ ಮೊದಲು ತಮ್ಮ ವೈದ್ಯರನ್ನು ಕೇಳಲಿ. ಅಂಗಾಲಿಗೆ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿ, ಕೋಣೆಯನ್ನು ಕತ್ತಲಾಗಿಸಿ ಮಲಗಿದರೆ ನಿದ್ರೆ ಬೇಗ ಬರುತ್ತದೆ.

ಎರಡು ವಾರ ಕಳೆದರೂ ದುಗುಡ ಇಳಿಯದಿದ್ದರೆ ಮನೋವೈದ್ಯರಲ್ಲಿಗೆ ಹೋಗಲು ಸಂಕೋಚ ಬೇಡ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿ ಮಾತಾಡುವವರಿದ್ದಾರೆ.

ಭಕ್ತರಲ್ಲಿ ನಮ್ಮದೊಂದು ವಿನಂತಿ. ‘ನಿಮ್ಮದು ಸೇವೆ, ಪುಣ್ಯದ ಕೆಲಸ’ ಎಂದು ದಾದಿಯರನ್ನು ಹೊಗಳುತ್ತೇವೆ. ಆ ಹೊಗಳಿಕೆ ಕೇಳಿದ ಮೇಲೆ ‘ನನಗೆ ದಣಿವಾಗಿದೆ’ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ರೋಗಿಯ ಬಳಿ ಕುಳಿತಿರುವ ನಾವು ಸಲೈನ್ ಮುಗಿಯುವ ಮುನ್ನವೇ ಮೆಲ್ಲಗೆ ತಿಳಿಸಬಹುದು. ಒಂದು ಹಾಸಿಗೆಯ ಸುತ್ತ ಆರು ಜನ ಸೇರುವುದನ್ನು ಬಿಡಬಹುದು.

ಆ ತಾಯಿಯ ಅತ್ತೆಯವರು ಈ ಪತ್ರಿಕೆಯ ಓದುಗರು. ಸೊಸೆ ಹತ್ತು ಗಂಟೆಯಾದರೂ ಏಳುವುದಿಲ್ಲವೆಂದು ಒಮ್ಮೆ ನಮ್ಮೆದುರೇ ದೂರಿದ್ದರು. ಈಗ ರಾತ್ರಿ ಪಾಳಿಯ ಮರುದಿನ ಅವರೇ ಕಟ್ಟೆಯ ಮೇಲೆ ಕುಳಿತು, ಬಾಗಿಲು ಬಡಿಯಲು ಬಂದವರನ್ನು ಕೈಸನ್ನೆಯಿಂದ ಹಿಂದಕ್ಕೆ ಕಳಿಸುತ್ತಾರೆ.