ಇನ್ನೂರು ಸೂರ್ಯರ ಭಾರದ ನಕ್ಷತ್ರ

ಸೂರ್ಯನ 150 ಪಟ್ಟಿಗಿಂತ ಹೆಚ್ಚು ಭಾರದ ನಕ್ಷತ್ರ ಇರಲಾರದೆಂದು ಅನೇಕ ವಿಜ್ಞಾನಿಗಳು ನಂಬಿದ್ದರು. 2010ರಲ್ಲಿ ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾನಿಲಯದ ಪಾಲ್ ಕ್ರೌಥರ್ ಮತ್ತು ಸಂಗಡಿಗರು ನೆರೆಯ ಗ್ಯಾಲಕ್ಸಿಯೊಂದರ ಆರ್136ಎ1 ನಕ್ಷತ್ರದ ಭಾರ 265 ಸೂರ್ಯರಷ್ಟೆಂದು ಪ್ರಕಟಿಸಿದಾಗ ಈ ನಂಬಿಕೆ ಅಲುಗಾಡಿತು.

ನಕ್ಷತ್ರವನ್ನು ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲವಲ್ಲ! ಹೊಳಪು, ಉಷ್ಣತೆ ನೋಡಿ ಭಾರ ಅಂದಾಜಿಸುತ್ತಾರೆ. ತೊಡಕಿರುವುದೂ ಇಲ್ಲೇ. ದೂರದ ದೋಣಿಗಳ ದೀಪಗಳು ದಡದಲ್ಲಿ ನಿಂತ ನಮಗೆ ಒಂದೇ ದೀಪವಾಗಿ ಕಾಣುವಂತೆ, ಸುಮಾರು 1,60,000 ಜ್ಯೋತಿರ್ವರ್ಷ ದೂರದ ಒತ್ತೊತ್ತಾದ ನಕ್ಷತ್ರಗಳೂ ಒಂದಾಗಿ ಕಾಣುತ್ತವೆ, ಲೆಕ್ಕ ಹಿಗ್ಗುತ್ತದೆ. ಆರ್136ಎ ಗುಂಪನ್ನೇ ಒಂದು ಮಹಾನಕ್ಷತ್ರವೆಂದು ಕೆಲವರು ಎಣಿಸಿದ್ದರು. 1985ರಲ್ಲಿ ಅದರಲ್ಲಿ ಎಂಟು ನಕ್ಷತ್ರಗಳು ಬಿಡಿಯಾಗಿ ಕಂಡವು.

2022ರಲ್ಲಿ ಚಿಲಿಯ ಜೆಮಿನಿ ಸೌತ್ ದೂರದರ್ಶಕದ ಸ್ಪಷ್ಟ ಚಿತ್ರಗಳಿಂದ ಆರ್136ಎ1ರ ಭಾರ ಸುಮಾರು 200 ಸೂರ್ಯರಷ್ಟಕ್ಕೆ ಇಳಿಯಿತು. ಆದರೂ 150ರ ಗೆರೆಯನ್ನು ಅದು ದಾಟಿಯೇ ಇದೆ.