ಕ್ಷಿಪಣಿಗೂ ಕರಿಹಲಗೆಗೂ ಏನು ನಂಟು?

ವಿಚಾರ ಸಂಕಿರಣ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಸಾಮಾನ್ಯವಾಗಿ ಒಂದೇ. ಬ್ಯಾನರ್ ಕಟ್ಟಿದ ವೇದಿಕೆ, ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ ಭಾಷಣ, ಉದ್ಘಾಟಕರ ಭಾಷಣ, ಅಧ್ಯಕ್ಷರ ಭಾಷಣ. ಊಟದ ನಂತರ ಅರ್ಧ ಖಾಲಿಯಾದ ಕುರ್ಚಿಗಳು. ಕೊನೆಗೆ ಸಮಯದ ಅಭಾವದಿಂದ ಪ್ರಶ್ನೋತ್ತರ ಇರುವುದಿಲ್ಲವೆಂಬ ಪ್ರಕಟಣೆ ಮತ್ತು ವಂದನಾರ್ಪಣೆ.

ಪ್ರಶ್ನೋತ್ತರಕ್ಕಾಗಿಯೇ ನಡೆಯುವ ಇನ್ನೊಂದು ಬಗೆಯ ಸಂಕಿರಣವೂ ಉಂಟು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿಯಲ್ಲಿ, ಭದ್ರತಾ ಅಧ್ಯಯನ ವಿಭಾಗದವರು ಬುಧವಾರದ ಮಧ್ಯಾಹ್ನ ಅಂತಹ ಗೋಷ್ಠಿಯೊಂದನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ಹಾರ್ವರ್ಡ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳಲ್ಲೂ ಇಂತಹವು ಇವೆ. ಒಬ್ಬರು ವಿಷಯ ಮಂಡಿಸುತ್ತಾರೆ. ಭೌತವಿಜ್ಞಾನಿ, ರಾಜ್ಯಶಾಸ್ತ್ರಜ್ಞ, ಸೇನಾಧಿಕಾರಿ, ಸಂಶೋಧನಾ ವಿದ್ಯಾರ್ಥಿ ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತು ಕೇಳುತ್ತಾರೆ. ಆಮೇಲೆ ಪ್ರಶ್ನೆಗಳ ಸುರಿಮಳೆ. ಚರ್ಚೆಯ ವಿಷಯ ಕ್ಷಿಪಣಿ, ಉಪಗ್ರಹ, ಯುರೇನಿಯಂ, ಪರಮಾಣು ಒಪ್ಪಂದ ಹೀಗೆ ಯಾವುದೂ ಇರಬಹುದು.

ಇಂತಹ ಗಹನ ವಿಷಯಗಳನ್ನು ಸರ್ಕಾರಗಳಿಗೂ ಸೈನ್ಯಕ್ಕೂ ಬಿಟ್ಟುಬಿಡಬಾರದೇ, ಮೇಷ್ಟರಿಗೂ ವಿದ್ಯಾರ್ಥಿಗಳಿಗೂ ಇಲ್ಲೇನು ಕೆಲಸ ಎಂದು ಯಾರಾದರೂ ಕೇಳಬಹುದು. ಕಳೆದ ಅರವತ್ತು ವರ್ಷಗಳ ಕೆಲವು ಪ್ರಸಂಗಗಳನ್ನು ನೋಡಿದರೆ ಉತ್ತರ ತಾನೇ ಸಿಗುತ್ತದೆ.

ಗರಿಯೂ ಕಲ್ಲೂ ಒಂದೇ ವೇಗ

1945ರಲ್ಲಿ ಹಿರೋಶಿಮಾ, ನಾಗಸಾಕಿಗಳ ಮೇಲೆ ಬಾಂಬು ಬಿದ್ದ ಮೇಲೆ ಅದನ್ನು ತಯಾರಿಸಿದ ವಿಜ್ಞಾನಿಗಳಲ್ಲಿ ಹಲವರಿಗೆ ನಿದ್ರೆ ಹತ್ತಲಿಲ್ಲ. 1957ರಲ್ಲಿ ಕೆನಡಾದ ಪಗ್‌ವಾಶ್ ಎಂಬ ಹಳ್ಳಿಯಲ್ಲಿ ಪೂರ್ವ, ಪಶ್ಚಿಮ ಎರಡೂ ಬಣಗಳ 22 ಮಂದಿ ಸೇರಿ ಮಾತಿಗೆ ಕುಳಿತರು. 1960ರಲ್ಲಿ ಹಾರ್ವರ್ಡ್ ಮತ್ತು ಎಂಐಟಿ ಒಟ್ಟಾಗಿ ಶಸ್ತ್ರಾಸ್ತ್ರ ನಿಯಂತ್ರಣ ಕುರಿತ ಗೋಷ್ಠಿ ಆರಂಭಿಸಿದವು. ರಸಾಯನವಿಜ್ಞಾನಿ ಪಾಲ್ ಡೋಟಿ, ಎಂಜಿನಿಯರ್ ಜೆರೋಮ್ ವೀಸ್ನರ್, ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್, ಮುಂದೆ ವಿದೇಶಾಂಗ ಕಾರ್ಯದರ್ಶಿಯಾದ ಹೆನ್ರಿ ಕಿಸಿಂಜರ್ ಈ ವಲಯದಲ್ಲಿದ್ದವರು. ಮರುವರ್ಷವೇ ವೀಸ್ನರ್ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹೆಗಾರರಾದರು. ಗೋಷ್ಠಿಯ ಮಾತು ಹೀಗೆ ನೇರವಾಗಿ ಅಧಿಕಾರದ ಬಾಗಿಲಿಗೆ ತಲುಪಿತು.

ಆ ಕಾಲದ ದೊಡ್ಡ ಪ್ರಶ್ನೆ ಕ್ಷಿಪಣಿ ನಿರೋಧಕ ಅಸ್ತ್ರದ್ದು. ಶತ್ರುವಿನ ಕ್ಷಿಪಣಿಯನ್ನು ದಾರಿಯಲ್ಲೇ ಹೊಡೆದುರುಳಿಸುವ ಅಸ್ತ್ರವಿದ್ದರೆ ದೇಶ ಸುರಕ್ಷಿತ ಎಂಬುದು ಯಾರಿಗಾದರೂ ಒಪ್ಪಿಗೆಯಾಗುವ ಮಾತು. ಆದರೆ ವಿಜ್ಞಾನಿಗಳು ಬೇರೆ ಲೆಕ್ಕ ಹಾಕಿದರು. ಖಂಡಾಂತರ ಕ್ಷಿಪಣಿಯ ಸಿಡಿತಲೆ ತನ್ನ ಪ್ರಯಾಣದ ಬಹುಭಾಗವನ್ನು ಗಾಳಿಯಿಲ್ಲದ ಅಂತರಿಕ್ಷದಲ್ಲಿ ಕಳೆಯುತ್ತದೆ. ಗಾಳಿಯಿಲ್ಲದ ಕಡೆ ಗರಿಯೂ ಕಲ್ಲೂ ಒಂದೇ ವೇಗದಲ್ಲಿ ಬೀಳುತ್ತವೆಂಬುದು ಹೈಸ್ಕೂಲಿನ ಪಾಠ. ಸಿಡಿತಲೆಯ ಜೊತೆಗೆ ಲೋಹ ಲೇಪಿಸಿದ ಹತ್ತಾರು ಹಗುರ ಬಲೂನುಗಳನ್ನು ಬಿಟ್ಟರೆ ಅವೂ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಸಾಗುತ್ತವೆ. ಯಾವುದು ಬಾಂಬು, ಯಾವುದು ಬಲೂನು ಎಂದು ಗುರುತಿಸುವುದು ರಡಾರಿಗೆ ಬಹಳ ಕಷ್ಟ. ನೊಬೆಲ್ ಪುರಸ್ಕೃತ ಹ್ಯಾನ್ಸ್ ಬೆಥೆ ಮತ್ತು ರಿಚರ್ಡ್ ಗಾರ್ವಿನ್ ಇಂತಹ ಉಪಾಯಗಳನ್ನು 1968ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಜನಸಾಮಾನ್ಯರಿಗೆ ತಿಳಿಯುವಂತೆ ಬರೆದರು.

ಇದರ ಇನ್ನೊಂದು ಮುಖವೂ ಇದೆ. ಒಬ್ಬನು ಗುರಾಣಿ ಕಟ್ಟಿದರೆ ಇನ್ನೊಬ್ಬನು ಅದನ್ನು ಭೇದಿಸಲು ಮತ್ತಷ್ಟು ಕ್ಷಿಪಣಿ ಮಾಡುತ್ತಾನೆ. ಈ ವಾದವನ್ನು ಎಂಐಟಿಯ ಜ್ಯಾಕ್ ರುಯಿನಾ ಮತ್ತು ಭೌತವಿಜ್ಞಾನಿ ಮರ್ರೆ ಗೆಲ್‌ಮನ್ 1964ರ ಪಗ್‌ವಾಶ್ ಸಮ್ಮೇಳನದಲ್ಲಿ ಮಂಡಿಸಿದರು. ಆ ಸಮ್ಮೇಳನ ನಡೆದದ್ದು ನಮ್ಮ ರಾಜಸ್ಥಾನದ ಉದಯಪುರದಲ್ಲಿ ಎಂಬುದು ಹೆಚ್ಚಿನವರಿಗೆ ತಿಳಿಯದು. ರಕ್ಷಣೆ ಮಾಡಿಕೊಳ್ಳುವುದು ಹೇಗೆ ತಪ್ಪಾಗುತ್ತದೆ ಎಂದು ಸೋವಿಯತ್ ವಿಜ್ಞಾನಿಗಳು ಮೊದಲು ಒಪ್ಪಲಿಲ್ಲ. ಮಾತು ಮುಂದುವರಿಯಿತು. ಡೋಟಿಯವರ ಗುಂಪು ವರ್ಷಗಟ್ಟಲೆ ಸೋವಿಯತ್ ವಿಜ್ಞಾನಿಗಳೊಡನೆ ಚರ್ಚಿಸಿತು. ಕೊನೆಗೆ 1972ರ ಮೇ ತಿಂಗಳಲ್ಲಿ ನಿಕ್ಸನ್ ಮತ್ತು ಬ್ರೆಜ್ನೆವ್ ಮಾಸ್ಕೋದಲ್ಲಿ ಕ್ಷಿಪಣಿ ನಿರೋಧಕ ಅಸ್ತ್ರಗಳಿಗೆ ಮಿತಿ ಹಾಕುವ ಒಪ್ಪಂದಕ್ಕೆ ಸಹಿ ಹಾಕಿದರು. ಅದು ಮೂವತ್ತು ವರ್ಷ ಬಾಳಿತು. 2002ರಲ್ಲಿ ಅಮೆರಿಕ ಅದರಿಂದ ಹೊರಬಂದಿತು.

ಗಡಿಯಾರ ತಪ್ಪಿದಾಗ

ಒಪ್ಪಂದ ಬಂದರೂ ವಾದ ಮುಗಿಯಲಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಅದೇ ಪ್ರಶ್ನೆ ಟಿವಿ ಪರದೆಯ ಮೇಲೆ ಎದ್ದು ಬಂತು. ಇರಾಕಿನ ಸ್ಕಡ್ ಕ್ಷಿಪಣಿಗಳನ್ನು ಅಮೆರಿಕದ ಪೇಟ್ರಿಯಟ್ ಕ್ಷಿಪಣಿಗಳು ಹೊಡೆದುರುಳಿಸುತ್ತಿವೆಯೆಂದು ಜಗತ್ತೆಲ್ಲ ನಂಬಿತು. ಎದುರಿಸಿದ 42 ಸ್ಕಡ್‌ಗಳಲ್ಲಿ 41ನ್ನು ತಡೆಯಲಾಗಿದೆಯೆಂದು ಅಧ್ಯಕ್ಷ ಜಾರ್ಜ್ ಬುಷ್ ಅವರೇ ಹೇಳಿದರು.

ಎಂಐಟಿಯ ಥಿಯೋಡರ್ ಪೋಸ್ಟಲ್ ಈ ಮಾತನ್ನು ಪರೀಕ್ಷಿಸಲು ಹೊರಟರು. ಅವರ ಕೈಯಲ್ಲಿ ಗುಪ್ತ ಕಡತವೇನೂ ಇರಲಿಲ್ಲ. ಟಿವಿ ವಾಹಿನಿಗಳು ಚಿತ್ರೀಕರಿಸಿದ್ದ ಟೇಪುಗಳನ್ನೇ ಅವರು ಮತ್ತು ಜಾರ್ಜ್ ಲೂಯಿಸ್ ಚಿತ್ರ ಚಿತ್ರವಾಗಿ ನಿಲ್ಲಿಸಿ ನೋಡಿದರು. ಆಕಾಶದಲ್ಲಿ ಕಂಡ ಬೆಂಕಿಯ ಉಂಡೆ ಪೇಟ್ರಿಯಟ್ ತಾನೇ ಸಿಡಿದದ್ದು; ಸ್ಕಡ್ಡಿನ ಸಿಡಿತಲೆ ಬಹುಪಾಲು ಪ್ರಸಂಗಗಳಲ್ಲಿ ಮುಂದೆ ಸಾಗಿ ನೆಲಕ್ಕೆ ಬಿದ್ದಿತ್ತು ಎಂಬುದು ಅವರ ತೀರ್ಮಾನ. ಟಿವಿ ಕ್ಯಾಮರಾದ ವೇಗ ಇಂತಹ ತೀರ್ಮಾನಕ್ಕೆ ಸಾಲದು ಎಂದು ವಿರೋಧಿಗಳು ವಾದಿಸಿದರು. ಜಗಳ ಅಮೆರಿಕದ ಸಂಸತ್ತಿನವರೆಗೆ ಹೋಯಿತು. ಸೈನ್ಯವೇ ತನ್ನ ಅಂಕಿಗಳನ್ನು ಮತ್ತೆ ಮತ್ತೆ ಇಳಿಸಬೇಕಾಯಿತು. ಸಿಡಿತಲೆ ನಾಶವಾಯಿತೆಂಬುದಕ್ಕೆ ಬಲವಾದ ಪುರಾವೆ ಇರುವುದು ಸುಮಾರು ಶೇ. 9 ಪ್ರಸಂಗಗಳಲ್ಲಿ ಮಾತ್ರ ಎಂದು 1992ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಮಾಡಿತು.

ಆ ಸಂಸ್ಥೆಯ ಇನ್ನೊಂದು ವರದಿ ಗಣಿತದ ಮೇಷ್ಟರು ತರಗತಿಯಲ್ಲಿ ಹೇಳಬೇಕಾದಂಥದ್ದು. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಸ್ಕಡ್ಡೊಂದು ಬ್ಯಾರಕ್ಕಿನ ಮೇಲೆ ಬಿದ್ದು 28 ಅಮೆರಿಕನ್ ಸೈನಿಕರು ಸತ್ತರು. ಅಲ್ಲಿದ್ದ ಪೇಟ್ರಿಯಟ್ ಕಂಪ್ಯೂಟರಿನ ಗಡಿಯಾರ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಿತ್ತು. ಮೂರನೇ ಒಂದನ್ನು ದಶಮಾಂಶದಲ್ಲಿ ಬರೆದರೆ 0.333 ಎಂದು ಮುಗಿಯದೆ ಹೋಗುವಂತೆ, ಹತ್ತನೇ ಒಂದು ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಮುಗಿಯದ ಸಂಖ್ಯೆ. ಅದನ್ನು 24 ಸ್ಥಾನಕ್ಕೆ ಕತ್ತರಿಸಿದ್ದರು. ಪ್ರತಿ ಸಲ ಉಳಿದ ಕಣದಷ್ಟು ತಪ್ಪು, ಯಂತ್ರ 100 ಗಂಟೆ ಎಡೆಬಿಡದೆ ನಡೆದಾಗ ಸೆಕೆಂಡಿನ ಮೂರನೇ ಒಂದು ಭಾಗದಷ್ಟಾಯಿತು. ಸೆಕೆಂಡಿಗೆ 1,676 ಮೀಟರ್ ವೇಗದ ಸ್ಕಡ್ ಅಷ್ಟರಲ್ಲಿ ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು ದೂರ ಹೋಗಿರುತ್ತದೆ. ಯಂತ್ರ ಅದನ್ನು ತಪ್ಪು ಜಾಗದಲ್ಲಿ ಹುಡುಕಿತು. ತಿದ್ದಿದ ಪ್ರೋಗ್ರಾಂ ಧಹ್ರಾನ್ ತಲುಪಿದ್ದು ಮಾರನೆಯ ದಿನ.

ಗೌರಿಬಿದನೂರಿನ ಕಿವಿ

ಇಂತಹ ಪರಿಶೀಲನೆಗೆ ಬೇಕಾದ ವಿಜ್ಞಾನ ದೂರದ ಕೇಂಬ್ರಿಜ್ಜಿನಲ್ಲಷ್ಟೇ ಇದೆಯೆಂದು ಭಾವಿಸಬೇಕಿಲ್ಲ. ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನ ಹೊಲಗಳ ನಡುವೆ 1965ರಿಂದ ಭೂಕಂಪಮಾಪಕಗಳ ಸಾಲೊಂದಿದೆ. ಬ್ರಿಟನ್ನಿನ ಪರಮಾಣು ಇಲಾಖೆಯ ಸಹಕಾರದಿಂದ ನಮ್ಮ ಪರಮಾಣು ಶಕ್ತಿ ಇಲಾಖೆ ಸ್ಥಾಪಿಸಿದ ಈ ವ್ಯೂಹದಲ್ಲಿ ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ದಿಕ್ಕಿಗೆ 20 ಮಾಪಕಗಳನ್ನು ಹೂಳಲಾಯಿತು. ದೂರದಿಂದ ಬಂದ ಕಂಪನ ಯಾವ ಮಾಪಕಕ್ಕೆ ಮೊದಲು, ಯಾವುದಕ್ಕೆ ಆಮೇಲೆ ತಾಗಿತು ಎಂಬುದರಿಂದ ಅದು ಹೊರಟ ದಿಕ್ಕು ತಿಳಿಯುತ್ತದೆ.

ಇದರ ಹಿನ್ನೆಲೆಯಲ್ಲೂ ಒಂದು ಹಳೆಯ ಚರ್ಚೆಯಿದೆ. 1963ರ ಒಪ್ಪಂದ ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ಅಣುಪರೀಕ್ಷೆ ನಿಷೇಧಿಸಿತು. ನೆಲದಡಿಯ ಪರೀಕ್ಷೆಯನ್ನು ಮಾತ್ರ ಬಿಟ್ಟಿತು. ಭೂಕಂಪಕ್ಕೂ ಕದ್ದು ಮಾಡಿದ ಸ್ಫೋಟಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ ಎಂಬ ಬಗ್ಗೆ ಎರಡು ಬಣಗಳಿಗೆ ಒಮ್ಮತವಿರಲಿಲ್ಲ. ವಿಶ್ವವಿದ್ಯಾಲಯಗಳ ಭೂಕಂಪಶಾಸ್ತ್ರಜ್ಞರು ಈ ಗಂಟನ್ನು ಮೆಲ್ಲಮೆಲ್ಲನೆ ಬಿಡಿಸಿದರು. ಸ್ಫೋಟ ಸುತ್ತಲಿನ ಬಂಡೆಯನ್ನು ಎಲ್ಲ ಕಡೆಗೂ ಒಂದೇ ಸಮನೆ ತಳ್ಳುತ್ತದೆ. ಭೂಕಂಪದಲ್ಲಿ ಎರಡು ಬಂಡೆಗಳು ಒಂದರ ಮೇಲೊಂದು ಜಾರುವುದರಿಂದ ಒಂದು ಕಡೆ ತಳ್ಳು, ಇನ್ನೊಂದು ಕಡೆ ಎಳೆತ ಕಾಣುತ್ತದೆ. ನೆಲದ ಮೇಲ್ಪದರದ ಅಲೆಗಳೂ ಹೋಲಿಕೆಯಲ್ಲಿ ದೊಡ್ಡವು. 1986ರಲ್ಲಿ ಅಮೆರಿಕದ ವಿಜ್ಞಾನಿಗಳು ಸೋವಿಯತ್ ವಿಜ್ಞಾನ ಅಕಾಡೆಮಿಯ ಒಪ್ಪಿಗೆ ಪಡೆದು ಕಜಾಕ್‌ಸ್ತಾನದ ಪರೀಕ್ಷಾ ಕ್ಷೇತ್ರದ ಆಸುಪಾಸಿನಲ್ಲೇ ಮಾಪಕಗಳನ್ನು ಇಟ್ಟರು. ಸರ್ಕಾರಗಳು ಆಗದೆಂದದ್ದನ್ನು ವಿಜ್ಞಾನಿಗಳು ಆಗಿಸಿ ತೋರಿಸಿದರು. 1996ರ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಈ ಜ್ಞಾನವೇ ಆಧಾರ. ಆ ಒಪ್ಪಂದಕ್ಕೆ ಭಾರತ ಸಹಿ ಹಾಕಲಿಲ್ಲ. ಅದು ಇನ್ನೂ ಜಾರಿಗೂ ಬಂದಿಲ್ಲ.

1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಗಳ ನಂತರ ಇದೇ ಅಲೆಗಳು ನಮ್ಮ ದೇಶದ ಚರ್ಚೆಗೂ ಬಂದವು. ಸ್ಫೋಟದ ಬಲ ಭಾರತ ಹೇಳಿದ್ದಕ್ಕಿಂತ ಕಡಿಮೆ ಎಂದು ವಿದೇಶಿ ಭೂಕಂಪಶಾಸ್ತ್ರಜ್ಞರಲ್ಲಿ ಹಲವರು ಅಂದಾಜಿಸಿದರು. ನಮ್ಮ ಪರಮಾಣು ವಿಜ್ಞಾನಿಗಳು ಅದನ್ನು ಅಲ್ಲಗಳೆದರು. 2009ರಲ್ಲಿ, ಪರೀಕ್ಷೆಯಲ್ಲಿ ಪ್ರಮುಖ ಪಾತ್ರ ವಹಿಸಿದ್ದ ಕೆ. ಸಂತಾನಂ ಅವರೇ ದೆಹಲಿಯ ಮುಚ್ಚಿದ ಬಾಗಿಲಿನ ಗೋಷ್ಠಿಯೊಂದರಲ್ಲಿ ಜಲಜನಕ ಬಾಂಬು ನಿರೀಕ್ಷಿತ ಫಲ ಕೊಡಲಿಲ್ಲವೆಂದರು. ಮಾತು ಪತ್ರಿಕೆಗೆ ಸೋರಿತು. ಆರ್. ಚಿದಂಬರಂ, ಅನಿಲ್ ಕಾಕೋಡ್ಕರ್ ಮುಂತಾದವರು ಅದನ್ನು ಬಲವಾಗಿ ನಿರಾಕರಿಸಿದರು. ಯಾರ ಮಾತು ಸರಿಯೆಂಬುದು ಒಂದು ಪ್ರಶ್ನೆ. ಬಲ್ಲವರು ಒಪ್ಪದಿದ್ದಾಗ ಅದನ್ನು ಎಲ್ಲಿ ಹೇಳಬೇಕೆಂಬುದು ಇನ್ನೊಂದು. ಹೇಳಲು ಕೋಣೆಯೇ ಇಲ್ಲದಿದ್ದರೆ ಅನುಮಾನ ಗುಸುಗುಸುವಾಗಿ ಉಳಿಯುತ್ತದೆ.

ಆರು ನಿಮಿಷದ ಲೆಕ್ಕ

ಈ ಚರ್ಚೆ ನಮಗೆ ಏಕೆ ಬೇಕೆಂಬುದಕ್ಕೆ ಪಿಯುಸಿ ಭೌತಶಾಸ್ತ್ರವೇ ಸಾಕು. ಎಸೆದ ಕಲ್ಲು 45 ಡಿಗ್ರಿ ಕೋನದಲ್ಲಿ ಹೊರಟರೆ ಅದು ಗಾಳಿಯಲ್ಲಿರುವ ಕಾಲ ತಿಳಿಯಲು ದೂರವನ್ನು ಎರಡರಿಂದ ಗುಣಿಸಿ, ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ಗಾಳಿಯ ಅಡ್ಡಿಯನ್ನೂ ಭೂಮಿಯ ದುಂಡನ್ನೂ ಬಿಟ್ಟು 600 ಕಿಲೋಮೀಟರ್ ದೂರಕ್ಕೆ ಲೆಕ್ಕ ಹಾಕಿದರೆ ಬರುವುದು 350 ಸೆಕೆಂಡು, ಅಂದರೆ ಆರು ನಿಮಿಷಕ್ಕೂ ಕಡಿಮೆ. ದೆಹಲಿಗೂ ಲಾಹೋರಿಗೂ ನಡುವೆ ನೇರ ದೂರ ಇನ್ನೂ ಕಡಿಮೆ. ಅಮೆರಿಕ ಮತ್ತು ರಷ್ಯಾಗಳ ನಡುವೆ ಕ್ಷಿಪಣಿ ಹಾರಲು ಸುಮಾರು ಅರ್ಧ ಗಂಟೆ ಬೇಕು. ಅವರಿಗೆ ಯೋಚಿಸಲು ಸಿಗುವಷ್ಟು ಕಾಲವೂ ಈ ಉಪಖಂಡಕ್ಕಿಲ್ಲ.

ಪ್ರಿನ್ಸ್‌ಟನ್ನಿನಲ್ಲಿದ್ದ ಪಾಕಿಸ್ತಾನಿ ಮೂಲದ ಝಿಯಾ ಮಿಯಾನ್, ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಆರ್. ರಾಜಾರಾಮನ್ ಮತ್ತು ಎಂ.ವಿ. ರಮಣ ಒಂದೇ ಮೇಜಿಗೆ ಕುಳಿತು ಈ ಲೆಕ್ಕವನ್ನು ಹೆಚ್ಚು ಕರಾರುವಾಕ್ಕಾಗಿ ಮಾಡಿ 2003ರಲ್ಲಿ ಪ್ರಕಟಿಸಿದರು. ಮುನ್ನೆಚ್ಚರಿಕೆ ಕೊಡುವ ಯಂತ್ರಗಳನ್ನು ಎಷ್ಟು ಕೊಂಡರೂ ಸುಳ್ಳು ಗಂಟೆಯೋ ನಿಜದ ಗಂಟೆಯೋ ಎಂದು ತೀರ್ಮಾನಿಸಲು ಸಮಯ ಸಾಲದು ಎಂಬುದು ಅದರ ಸಾರ. ಇದು ಬರಿಯ ಕಾಗದದ ಭಯವಲ್ಲ. 2022ರ ಮಾರ್ಚ್ 9ರಂದು ಭಾರತದ ಬ್ರಹ್ಮೋಸ್ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿದ್ದಿತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಸರ್ಕಾರ ವಿಷಾದ ವ್ಯಕ್ತಪಡಿಸಿ, ತನಿಖೆಯ ಬಳಿಕ ವಾಯುಪಡೆಯ ಮೂವರು ಅಧಿಕಾರಿಗಳನ್ನು ಸೇವೆಯಿಂದ ವಜಾ ಮಾಡಿತು. ಆಚೆ ಬದಿಯಲ್ಲಿ ಪರದೆ ನೋಡುತ್ತಿದ್ದವರು ಆ ಕೆಲವು ನಿಮಿಷಗಳಲ್ಲಿ ಬೇರೇನನ್ನಾದರೂ ಊಹಿಸಿಕೊಂಡಿದ್ದರೆ?

ಬೆಂಗಳೂರಿನಲ್ಲಿ ಇಂತಹ ಚರ್ಚೆಗೆ ನೆಲೆಯೊಂದಿದೆ. ಜೆ.ಆರ್.ಡಿ. ಟಾಟಾ ಅವರ ಆಶಯದಂತೆ 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆರಂಭವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಗೆ ಮೊದಲ ನಿರ್ದೇಶಕರಾದವರು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. 1974ರ ಪೋಖ್ರಾನ್ ಪರೀಕ್ಷೆಯ ಹೊಣೆ ಹೊತ್ತಿದ್ದವರೂ ಅವರೇ. ಈ ಸಂಸ್ಥೆಯ ಭದ್ರತಾ ಅಧ್ಯಯನದ ತಂಡ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಬಂದ ಕ್ಷಿಪಣಿಗಳ ಚಿತ್ರಗಳನ್ನೇ ಅಳೆದು, ಅವುಗಳ ಉದ್ದ, ವ್ಯಾಸಗಳಿಂದ ಸಾಮರ್ಥ್ಯವನ್ನು ಲೆಕ್ಕ ಹಾಕಿ 2006ರಲ್ಲಿ ಪಾಕಿಸ್ತಾನದ ಕ್ಷಿಪಣಿಗಳ ಬಗ್ಗೆ ವರದಿ ಪ್ರಕಟಿಸಿತು.

ಆದರೆ ಒಂದೆರಡು ಸಂಸ್ಥೆಗಳಿಂದ ಇಷ್ಟು ದೊಡ್ಡ ದೇಶಕ್ಕೆ ಸಾಲದು. ನಮ್ಮಲ್ಲಿ ಭೌತಶಾಸ್ತ್ರ ಓದುವ ಹುಡುಗ ರಾಜ್ಯಶಾಸ್ತ್ರದ ತರಗತಿಯ ಬಾಗಿಲನ್ನು ಕಾಣದೆ ಪದವಿ ಮುಗಿಸುತ್ತಾನೆ. ರಾಜ್ಯಶಾಸ್ತ್ರದ ಹುಡುಗಿಗೆ ಎಸೆದ ಕಲ್ಲಿನ ಲೆಕ್ಕ ಯಾರೂ ಹೇಳಿಕೊಡುವುದಿಲ್ಲ. ಮುಂದೆ ಇಬ್ಬರೂ ಓಟು ಹಾಕುತ್ತಾರೆ. ಅವರಲ್ಲೊಬ್ಬರು ಅಧಿಕಾರಿಯೋ ಮಂತ್ರಿಯೋ ಆಗಬಹುದು.

ಇದಕ್ಕೆ ವಿದೇಶಿ ಹಣವಾಗಲಿ ಹವಾನಿಯಂತ್ರಿತ ಸಭಾಂಗಣವಾಗಲಿ ಬೇಕಿಲ್ಲ. ಜಿಲ್ಲಾ ಕೇಂದ್ರದ ಯಾವುದೇ ಪದವಿ ಕಾಲೇಜಿನಲ್ಲಿ ತಿಂಗಳಿಗೊಂದು ಮಧ್ಯಾಹ್ನ ಎರಡೂ ವಿಭಾಗದವರನ್ನು ಒಂದೇ ಕೋಣೆಗೆ ಕರೆದು, ಭೌತಶಾಸ್ತ್ರದ ಅಧ್ಯಾಪಕರು ಆ 350 ಸೆಕೆಂಡಿನ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಲಿ. ಅಷ್ಟು ಹೊತ್ತಿನಲ್ಲಿ ಒಂದು ದೇಶ ಏನು ತೀರ್ಮಾನ ತೆಗೆದುಕೊಳ್ಳಲು ಸಾಧ್ಯ ಎಂದು ರಾಜ್ಯಶಾಸ್ತ್ರದವರು ಕೇಳಲಿ. ಭಾಷಣಗಳನ್ನು ಮೊಟಕು ಮಾಡಿ ಪ್ರಶ್ನೆಗೆ ಒಂದು ಗಂಟೆ ಉಳಿಸಿದರೆ ಆಯಿತು.