ತಾರಸಿ ಹತ್ತಿದ ಏರುಮಡಿ

ಮಳೆಗಾಲದಲ್ಲಿ ನೀರು ನಿಂತು ಸಸಿ ಕೊಳೆಯದಿರಲೆಂದು ಮಡಿಯನ್ನು ನೆಲದಿಂದ ಗೇಣುದ್ದ ಏರಿಸಿ ಕಟ್ಟುವುದು ನಮ್ಮ ರೈತರ ಹಳೆಯ ರೂಢಿ. ಆ ಏರುಮಡಿಗೆ ಈಗ ಕಬ್ಬಿಣದ ಕಾಲು ಬಂದು, ಅದು ಬೆಂಗಳೂರಿನ ತಾರಸಿಗಳನ್ನು ಹತ್ತಿದೆ. ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಡಾ. ಬಿ.ಎನ್. ವಿಶ್ವನಾಥ್ ಅವರಂಥವರ ತರಬೇತಿ, ‘ಊಟ ಫ್ರಮ್ ಯುವರ್ ತೋಟ’ ಮೇಳಗಳಿಂದ ಹಬ್ಬಿದ ತಾರಸಿ ಕೃಷಿಯಲ್ಲಿ ಕುಂಡಗಳ ಪಕ್ಕ ಇಂಥ ಮಡಿಗಳೂ ಕಾಣುತ್ತಿವೆ.

ಮಡಿ ಸೊಂಟದೆತ್ತರಕ್ಕಿದ್ದರೆ ಮಂಡಿನೋವಿನವರೂ ನಿಂತೇ ಕಳೆ ಕೀಳಬಹುದು. ಅಗಲ ಮೂರಡಿ ಮೀರದಿದ್ದರೆ ಎರಡೂ ಬದಿಯಿಂದ ನಡುವಿನ ತನಕ ಕೈ ಎಟುಕುತ್ತದೆ. ಅಡಿಯಲ್ಲಿ ಗಾಳಿಯಾಡಿ ತಾರಸಿ ಒಣಗಿರುತ್ತದೆ, ನೀರು ಎಲ್ಲಿ ನಿಲ್ಲುತ್ತಿದೆ ಎಂಬುದೂ ಕಣ್ಣಿಗೆ ಬೀಳುತ್ತದೆ.

ಮೊದಲು ನೋಡಬೇಕಾದ್ದು ಭಾರ. ಜನ ಓಡಾಡುವ ತಾರಸಿಗೆ ನಮ್ಮ ಕಟ್ಟಡ ಮಾನದಂಡ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೊ. ಅಷ್ಟೇ ಜಾಗದಲ್ಲಿ ಒಂದಡಿ ಹಸಿಮಣ್ಣು ತುಂಬಿದರೆ 500 ಕಿಲೊ ಆಸುಪಾಸು ತೂಗುತ್ತದೆ. ಅದಕ್ಕೇ ಮಣ್ಣು ಕಡಿಮೆ ಮಾಡಿ ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಹೆಚ್ಚು ಬೆರೆಸುತ್ತಾರೆ. ಮಡಿಯನ್ನು ತೊಲೆ, ಗೋಡೆಗಳ ನೇರಕ್ಕೆ ಇಡುತ್ತಾರೆ. ನೀರು ಕುಡಿದರೆ ಈ ಮಿಶ್ರಣವೂ ತೂಗುವುದರಿಂದ ಇಂಜಿನಿಯರನ್ನು ಒಮ್ಮೆ ಕೇಳುವುದು ಲೇಸು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ. ನೆನೆಸಿ, ಎರಡು ಮೂರು ನೀರಿನಲ್ಲಿ ತೊಳೆದೇ ಬಳಸಬೇಕು.

ಸೊಪ್ಪಿಗೆ ಅರ್ಧ ಅಡಿ ಆಳ ಸಾಕು. ಬೆಂಡೆ, ಬದನೆ, ಟೊಮೆಟೊಗೆ ಒಂದಡಿ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕ ಸುಗುಣ’ ಹರಿವೆ ಇಂಥ ಕಡೆಗೆ ಹೇಳಿ ಮಾಡಿಸಿದ ತಳಿ: ಬುಡ ಉಳಿಸಿ ಕೊಯ್ದಷ್ಟೂ ಚಿಗುರುತ್ತದೆ. ಬೆಂಡೆಯಲ್ಲಿ ಹಳದಿ ನಂಜುರೋಗಕ್ಕೆ ಎದುರಾಗಿ ರೂಪಿಸಿದ ‘ಅರ್ಕ ಅನಾಮಿಕ’ ಇದೆ.

ಎತ್ತರದ ಮಡಿಗೆ ತೊಂದರೆಯೂ ಉಂಟು. ಸುತ್ತೆಲ್ಲ ಬಿಸಿಲು, ಗಾಳಿ ತಾಗುವುದರಿಂದ ನೆಲಕ್ಕಿಂತ ಬೇಗ ಒಣಗುತ್ತದೆ. ತಳದ ತೂತುಗಳಿಂದ ಬಸಿಯುವ ನೀರು ಸಾರವನ್ನೂ ಒಯ್ಯುತ್ತದೆ. ಮೇಲೆ ಒಣ ಎಲೆ ಹೊದಿಸಿ, ಪ್ರತಿ ಬೆಳೆ ಮುಗಿದಾಗ ಎರೆಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿದರೆ ಗಿಡ ಸೊರಗದು. ಸೊಪ್ಪು ತೆಗೆದ ಜಾಗಕ್ಕೆ ಹುರುಳಿಕಾಯಿ ಹಾಕುವುದೂ ಒಳ್ಳೆಯದು.

ಆರಂಭದಲ್ಲೇ ತಾರಸಿ ತುಂಬ ಮಡಿ ಜೋಡಿಸಬೇಡಿ. ಒಂದರಲ್ಲಿ ಮೆಂತ್ಯ ಬಿತ್ತಿ. ಮೂರ್ನಾಲ್ಕು ವಾರದಲ್ಲಿ ಕೊಯ್ಲಿಗೆ ಬರುತ್ತದೆ. ನೀರು, ಬಿಸಿಲಿನ ಹದ ಕೈಗೆ ಸಿಕ್ಕಿದ ಮೇಲೆ ಎರಡನೆಯದಕ್ಕೆ ದುಡ್ಡು ಹಾಕಿ.